ಸಾಮ್ರಾಜ್ಯದ ಕೈತಪ್ಪಿದ ಹದಿಮೂರು ವಸಾಹತುಗಳು

1763ರಲ್ಲಿ ಬ್ರಿಟಿಷ್ ಸಾಮ್ರಾಜ್ಯ ಗೆಲುವಿನ ಉತ್ತುಂಗದಲ್ಲಿತ್ತು. ಏಳು ವರ್ಷಗಳ ಯುದ್ಧದಲ್ಲಿ ಸೋತ ಫ್ರಾನ್ಸ್ ಕೆನಡಾವನ್ನು ಬಿಟ್ಟುಕೊಟ್ಟಿತ್ತು. ಉತ್ತರ ಅಮೆರಿಕದ ಪೂರ್ವ ಕರಾವಳಿಯಲ್ಲಿದ್ದ ಹದಿಮೂರು ವಸಾಹತುಗಳ ಜನರು ಆ ವಿಜಯವನ್ನು ತಮ್ಮದೇ ವಿಜಯವೆಂದು ಸಂಭ್ರಮಿಸಿದ್ದರು. ದೊರೆ ಮೂರನೆಯ ಜಾರ್ಜ್‌ನ ಪ್ರಜೆಗಳೆಂದು ಹೇಳಿಕೊಳ್ಳುವುದು ಅವರಿಗೆ ಹೆಮ್ಮೆಯ ವಿಷಯವಾಗಿತ್ತು. ಹದಿಮೂರೇ ವರ್ಷಗಳ ನಂತರ, 1776ರ ಜುಲೈ 4ರಂದು, ಅದೇ ಜನರ ಪ್ರತಿನಿಧಿಗಳು ಅದೇ ದೊರೆಯ ಮೇಲೆ ಆರೋಪಗಳ ಉದ್ದನೆಯ ಪಟ್ಟಿಯನ್ನು ಹೊರಿಸಿ ಸ್ವಾತಂತ್ರ್ಯ ಘೋಷಿಸಿದರು.

2026ರ ಜುಲೈ 4ಕ್ಕೆ ಆ ಘೋಷಣೆಗೆ 250 ವರ್ಷ. ಆ ಹದಿಮೂರು ವರ್ಷಗಳಲ್ಲಿ ನಡೆದದ್ದಾದರೂ ಏನು? ವಿಪರೀತ ತೆರಿಗೆ ಹೇರಿದ್ದರಿಂದ ಜನ ದಂಗೆಯೆದ್ದರು, ಚಹಾ ಪೆಟ್ಟಿಗೆಗಳನ್ನು ಕಡಲಿಗೆಸೆದರು ಎಂಬುದು ಶಾಲಾ ಪಠ್ಯಗಳಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ. ಆದರೆ ಇಂಗ್ಲೆಂಡಿನ ಪ್ರಜೆಗೆ ಹೋಲಿಸಿದರೆ ಅಮೆರಿಕದ ವಸಾಹತುಗಾರ ತೆರುತ್ತಿದ್ದ ತೆರಿಗೆ ಬಹಳ ಕಡಿಮೆಯಿತ್ತು. ಕಡಲು ಸೇರಿದ ಚಹಾ ಕೂಡ ಹಿಂದಿಗಿಂತ ಅಗ್ಗದ್ದೇ ಆಗಿತ್ತು. ಹೀಗಾಗಿ ಜಗಳದ ಮೂಲವನ್ನು ತೆರಿಗೆಯ ಮೊತ್ತದಲ್ಲಿ ಹುಡುಕಿದರೆ ಉತ್ತರ ಸಿಗದು. ತೆರಿಗೆ ಹಾಕುವ ಅಧಿಕಾರ ಯಾರದು ಎಂಬ ಪ್ರಶ್ನೆಯಲ್ಲಿ ಅದು ಅಡಗಿದೆ. ಈ ಕಥೆಯ ಎಳೆಗಳು ಅಂದಿನ ಮೈಸೂರು ರಾಜ್ಯದವರೆಗೂ ಚಾಚಿಕೊಂಡಿವೆ ಎಂಬುದು ಕನ್ನಡಿಗರ ಮಟ್ಟಿಗೆ ಕುತೂಹಲದ ಸಂಗತಿ.

ಗೆಲುವು ತಂದ ಸಾಲ

ಯುದ್ಧ ಗೆದ್ದ ಬ್ರಿಟನ್ನಿನ ಖಜಾನೆ ಬರಿದಾಗಿತ್ತು. ಯುದ್ಧಕ್ಕೆ ಮುನ್ನ ಸುಮಾರು 7.5 ಕೋಟಿ ಪೌಂಡ್‌ನಷ್ಟಿದ್ದ ರಾಷ್ಟ್ರೀಯ ಸಾಲ 1763ರ ವೇಳೆಗೆ 13 ಕೋಟಿ ಪೌಂಡ್‌ಗೂ ಮಿಗಿಲಾಗಿತ್ತು. ಹೊಸದಾಗಿ ದೊರೆತ ಪ್ರದೇಶಗಳ ಕಾವಲಿಗೆ ಅಮೆರಿಕದಲ್ಲಿ ಸುಮಾರು 10 ಸಾವಿರ ಸೈನಿಕರನ್ನು ಇರಿಸಿಕೊಳ್ಳಲು ಲಂಡನ್ ನಿರ್ಧರಿಸಿತು. ವಸಾಹತುಗಳ ರಕ್ಷಣೆಯ ವೆಚ್ಚದಲ್ಲಿ ಒಂದು ಪಾಲನ್ನು ವಸಾಹತುಗಳೇ ಭರಿಸಲಿ ಎಂಬುದು ಪ್ರಧಾನಿ ಜಾರ್ಜ್ ಗ್ರೆನ್‌ವಿಲ್‌ರ ವಾದವಾಗಿತ್ತು. ಲಂಡನ್ನಿನಲ್ಲಿ ಕುಳಿತು ನೋಡಿದರೆ ಇದರಲ್ಲಿ ಅನ್ಯಾಯವೇನೂ ಕಾಣುತ್ತಿರಲಿಲ್ಲ.

ಅಟ್ಲಾಂಟಿಕ್‌ನ ಆಚೆ ದಡದ ನೋಟವೇ ಬೇರೆಯಾಗಿತ್ತು. ವರ್ಜೀನಿಯಾದಲ್ಲಿ 1619ರಿಂದಲೇ ಚುನಾಯಿತ ಸಭೆಯೊಂದು ಕೆಲಸ ಮಾಡುತ್ತಿತ್ತು. ಉಳಿದ ವಸಾಹತುಗಳಲ್ಲೂ ಅಂಥವೇ ಸಭೆಗಳು ಬೆಳೆದಿದ್ದವು. ಸ್ಥಳೀಯ ತೆರಿಗೆಯನ್ನು ವಿಧಿಸುವವರು ಅವರೇ, ಖರ್ಚು ಮಾಡುವವರೂ ಅವರೇ. ಹಡಗಿನಲ್ಲಿ ಒಂದು ಪತ್ರ ತಲುಪಲು ವಾರಗಟ್ಟಲೆ ಹಿಡಿಯುತ್ತಿದ್ದ ಆ ಕಾಲದಲ್ಲಿ ಲಂಡನ್ ಕೂಡ ಹೆಚ್ಚು ತಲೆಹಾಕಿರಲಿಲ್ಲ. ನಾಲ್ಕೈದು ತಲೆಮಾರುಗಳು ಅನುಭವಿಸಿದ್ದ ಈ ಸಲುಗೆಯನ್ನು ಅಲ್ಲಿನ ಜನರು ತಮ್ಮ ಹಕ್ಕೆಂದೇ ಭಾವಿಸಿದ್ದರು.

1763ರ ಅಕ್ಟೋಬರ್‌ನಲ್ಲಿ ಹೊರಟ ರಾಜಘೋಷಣೆಯೊಂದು ಅಪಲೇಚಿಯನ್ ಪರ್ವತಶ್ರೇಣಿಯ ಪಶ್ಚಿಮಕ್ಕೆ ವಲಸೆ ಹೋಗುವುದನ್ನು ನಿಷೇಧಿಸಿತು. ಮೂಲನಿವಾಸಿಗಳೊಂದಿಗೆ ಮತ್ತೆ ಯುದ್ಧವಾಗದಿರಲಿ ಎಂಬುದು ಇದರ ಉದ್ದೇಶ. ಮರುವರ್ಷ ಬಂದ ಸಕ್ಕರೆ ಕಾಯ್ದೆಯು ರಮ್ ತಯಾರಿಕೆಗೆ ಬೇಕಾದ ಕಾಕಂಬಿಯ ಮೇಲಿನ ಸುಂಕವನ್ನು ಗ್ಯಾಲನ್‌ಗೆ 6 ಪೆನ್ಸ್‌ನಿಂದ 3 ಪೆನ್ಸ್‌ಗೆ ಇಳಿಸಿತು. ದರವೇನೋ ಅರ್ಧವಾಯಿತು, ಆದರೆ ಹಿಂದೆ ಹೆಸರಿಗಷ್ಟೇ ಇದ್ದ ಸುಂಕವನ್ನು ಈ ಬಾರಿ ನಿಜಕ್ಕೂ ವಸೂಲು ಮಾಡಲಾಯಿತು. ಕಳ್ಳಸಾಗಣೆಯ ಮೊಕದ್ದಮೆಗಳನ್ನು ಜ್ಯೂರಿಯಿಲ್ಲದ ನೌಕಾ ನ್ಯಾಯಾಲಯಗಳಿಗೆ ಒಯ್ಯಲು ಅವಕಾಶ ಕಲ್ಪಿಸಲಾಯಿತು. ಇದರಿಂದ ವರ್ತಕರು ಬೆಚ್ಚಿಬಿದ್ದರು.

ಛಾಪಾ ಕಾಗದದ ಕಿಚ್ಚು

1765ರ ಛಾಪಾ ಕಾಯ್ದೆ ಅಸಮಾಧಾನವನ್ನು ಬಂದರಿನಿಂದ ಬೀದಿಗೆ ತಂದಿತು. ವೃತ್ತಪತ್ರಿಕೆ, ಕರಾರುಪತ್ರ, ನ್ಯಾಯಾಲಯದ ದಾಖಲೆ, ಕಡೆಗೆ ಇಸ್ಪೀಟು ಎಲೆಗೂ ಸರ್ಕಾರದ ಮುದ್ರೆ ಕಡ್ಡಾಯವಾಯಿತು. ಈ ತೆರಿಗೆಯ ಬಿಸಿ ಮೊದಲು ತಟ್ಟಿದ್ದು ಮುದ್ರಕರಿಗೆ, ವಕೀಲರಿಗೆ, ವರ್ತಕರಿಗೆ. ಅಂದರೆ ಊರಿನಲ್ಲಿ ಮಾತನಾಡಬಲ್ಲ, ಬರೆಯಬಲ್ಲ ವರ್ಗಕ್ಕೆ. ಸಾಮ್ರಾಜ್ಯಕ್ಕೆ ಇದಕ್ಕಿಂತ ಕೆಟ್ಟ ಆಯ್ಕೆ ಮತ್ತೊಂದಿರಲಿಕ್ಕಿಲ್ಲ.

ತಮ್ಮ ಪ್ರತಿನಿಧಿಗಳಿಲ್ಲದ ಸಂಸತ್ತಿಗೆ ತಮ್ಮ ಮೇಲೆ ತೆರಿಗೆ ವಿಧಿಸುವ ಅಧಿಕಾರವಿಲ್ಲ ಎಂಬ ವಾದ ಎಲ್ಲೆಡೆ ಮೊಳಗಿತು. ಸಂಸತ್ತಿನ ಪ್ರತಿ ಸದಸ್ಯನೂ ಇಡೀ ಸಾಮ್ರಾಜ್ಯದ ಪ್ರತಿನಿಧಿ, ಮ್ಯಾಂಚೆಸ್ಟರ್ ಮತ್ತು ಬರ್ಮಿಂಗ್‌ಹ್ಯಾಂ ಊರುಗಳಿಗೂ ಪ್ರತ್ಯೇಕ ಸದಸ್ಯರಿಲ್ಲ ಎಂದು ಲಂಡನ್ನಿನ ಮಂತ್ರಿವರ್ಗ ಸಮರ್ಥಿಸಿಕೊಂಡಿತು. ಸ್ವಂತ ಸಭೆಗಳನ್ನು ಚುನಾಯಿಸಿ ರೂಢಿಯಿದ್ದ ಜನರಿಗೆ ಈ ಸಮಜಾಯಿಷಿ ಒಪ್ಪಿಗೆಯಾಗಲಿಲ್ಲ. ಬಾಸ್ಟನ್‌ನಲ್ಲಿ ಛಾಪಾ ವಿತರಣೆಗೆ ನೇಮಕಗೊಂಡಿದ್ದ ಆಂಡ್ರ್ಯೂ ಆಲಿವರ್ ಜನರ ಆಕ್ರೋಶಕ್ಕೆ ಮಣಿದು ಹುದ್ದೆ ತೊರೆದರು. ಅಕ್ಟೋಬರ್‌ನಲ್ಲಿ ಒಂಬತ್ತು ವಸಾಹತುಗಳ ಪ್ರತಿನಿಧಿಗಳು ನ್ಯೂಯಾರ್ಕ್‌ನಲ್ಲಿ ಸೇರಿದರು. ಅಲ್ಲಿಯವರೆಗೆ ಪರಸ್ಪರ ಗಡಿ ತಕರಾರಿನಲ್ಲೇ ಮುಳುಗಿದ್ದ ವಸಾಹತುಗಳನ್ನು ಒಂದೇ ಮೇಜಿನ ಸುತ್ತ ಕೂರಿಸಿದ್ದು ಲಂಡನ್ನಿನ ಕಾಯ್ದೆಯೇ ಎಂಬುದು ಗಮನಾರ್ಹ.

ಬ್ರಿಟಿಷ್ ಸರಕುಗಳ ಬಹಿಷ್ಕಾರದಿಂದ ನಷ್ಟಕ್ಕೊಳಗಾದ ಇಂಗ್ಲೆಂಡಿನ ವರ್ತಕರೇ ಕಾಯ್ದೆಯ ರದ್ದತಿಗೆ ಒತ್ತಾಯಿಸಿದರು. 1766ರ ಮಾರ್ಚ್ 18ರಂದು ಅದು ರದ್ದಾಯಿತು. ಅದೇ ದಿನ ಸಂಸತ್ತು ಇನ್ನೊಂದು ಕಾಯ್ದೆಯನ್ನು ಅಂಗೀಕರಿಸಿ, ವಸಾಹತುಗಳ ಮೇಲೆ ಯಾವುದೇ ವಿಷಯದಲ್ಲಾದರೂ ಶಾಸನ ಮಾಡುವ ಪೂರ್ಣಾಧಿಕಾರ ತನಗಿದೆ ಎಂದು ಸಾರಿತು. ಹಣವನ್ನು ಬಿಟ್ಟು ಅಧಿಕಾರವನ್ನು ಉಳಿಸಿಕೊಳ್ಳುವ ಜಾಣ್ಮೆ ಇದು. ಆದರೆ ವಿವಾದವಿದ್ದದ್ದೇ ಆ ಅಧಿಕಾರದ ಬಗ್ಗೆ.

ಸಂಬಳ ಕೊಡುವವರು ಯಾರು?

1767ರಲ್ಲಿ ಹಣಕಾಸು ಸಚಿವ ಚಾರ್ಲ್ಸ್ ಟೌನ್‌ಷೆಂಡ್ ಗಾಜು, ಸೀಸ, ಬಣ್ಣ, ಕಾಗದ ಮತ್ತು ಚಹಾದ ಮೇಲೆ ಆಮದು ಸುಂಕ ವಿಧಿಸಿದರು. ಸುಂಕಕ್ಕಿಂತಲೂ ಅದರ ಉದ್ದೇಶ ಜನರನ್ನು ಹೆಚ್ಚು ಕೆರಳಿಸಿತು. ಹೆಚ್ಚಿನ ವಸಾಹತುಗಳಲ್ಲಿ ಗವರ್ನರ್‌ಗೆ ಸಂಬಳ ಮಂಜೂರು ಮಾಡುತ್ತಿದ್ದುದು ಚುನಾಯಿತ ಸಭೆ. ದೊರೆ ನೇಮಿಸಿದ ಅಧಿಕಾರಿಯನ್ನು ಸ್ಥಳೀಯರು ಹದ್ದುಬಸ್ತಿನಲ್ಲಿ ಇಟ್ಟುಕೊಳ್ಳಲು ಇದ್ದ ಒಂದೇ ಹಗ್ಗ ಅದು. ಇನ್ನು ಮುಂದೆ ಗವರ್ನರ್ ಮತ್ತು ನ್ಯಾಯಾಧೀಶರ ಸಂಬಳವನ್ನು ಸುಂಕದ ಹಣದಿಂದಲೇ ಕೊಡುವ ಯೋಜನೆ ಆ ಹಗ್ಗವನ್ನು ಕತ್ತರಿಸುವಂತಿತ್ತು.

ಮತ್ತೆ ಬಹಿಷ್ಕಾರ ಆರಂಭವಾಯಿತು. ಇಂಗ್ಲೆಂಡಿನ ಬಟ್ಟೆಯ ಬದಲು ಮನೆಯಲ್ಲೇ ನೂತು ನೇಯ್ದ ಬಟ್ಟೆ ತೊಡುವುದು ದೇಶಾಭಿಮಾನದ ಗುರುತಾಯಿತು. ಊರ ಹೆಂಗಸರು ಒಂದೆಡೆ ಕಲೆತು ರಾಟೆ ತಿರುಗಿಸಿದರು. ಭಾರತದಲ್ಲಿ ಸ್ವದೇಶಿ ಚಳವಳಿ ಹುಟ್ಟುವುದಕ್ಕೆ ಒಂದು ಶತಮಾನಕ್ಕೂ ಹಿಂದಿನ ಮಾತಿದು. 1770ರ ಮಾರ್ಚ್ 5ರಂದು ಬಾಸ್ಟನ್‌ನಲ್ಲಿ ಸೈನಿಕರು ಗುಂಪಿನ ಮೇಲೆ ಗುಂಡು ಹಾರಿಸಿದಾಗ ಐವರು ಸತ್ತರು. ಅದೇ ವರ್ಷ ಸಂಸತ್ತು ಎಲ್ಲ ಸುಂಕಗಳನ್ನೂ ತೆಗೆದುಹಾಕಿ, ತನ್ನ ಹಕ್ಕಿನ ಗುರುತಾಗಿ ಚಹಾದ ಮೇಲಿನ 3 ಪೆನ್ಸ್ ಸುಂಕವೊಂದನ್ನು ಮಾತ್ರ ಉಳಿಸಿಕೊಂಡಿತು.

ಅಗ್ಗದ ಚಹಾ, ದುಬಾರಿ ಜಗಳ

ಮುಂದಿನ ಕಿಡಿ ಹೊತ್ತಿಕೊಂಡದ್ದು ಈಸ್ಟ್ ಇಂಡಿಯಾ ಕಂಪನಿಯ ಗೋದಾಮಿನಲ್ಲಿ. ಬಂಗಾಳದ ಕಂದಾಯ ಕೈಸೇರಿದ ಮೇಲೆ ಲಂಡನ್ನಿನಲ್ಲಿ ಕಂಪನಿಯ ಷೇರುಗಳ ಬೆಲೆ ಗಗನಕ್ಕೇರಿತ್ತು. ಮೊದಲನೆಯ ಮೈಸೂರು ಯುದ್ಧದಲ್ಲಿ ಹೈದರ್ ಅಲಿ ಕರ್ನಾಟಿಕ್ ಪ್ರಾಂತ್ಯಕ್ಕೆ ನುಗ್ಗಿದ ಸುದ್ದಿ 1769ರಲ್ಲಿ ಲಂಡನ್ ತಲುಪಿದಾಗ ಆ ಷೇರುಗಳು ಕುಸಿದವು. ಅದೇ ವರ್ಷ ಹೈದರ್ ಮದ್ರಾಸಿನ ಬಾಗಿಲಿಗೇ ಬಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿದ್ದರು. ಮರುವರ್ಷ ಬಂಗಾಳವನ್ನು ಭೀಕರ ಕ್ಷಾಮ ಆವರಿಸಿತು. ಯುದ್ಧದ ವೆಚ್ಚ, ಕ್ಷಾಮ, ಅಧಿಕಾರಿಗಳ ಲೂಟಿ, 1772ರ ಯುರೋಪಿನ ಹಣಕಾಸು ಬಿಕ್ಕಟ್ಟು ಎಲ್ಲವೂ ಸೇರಿ ಕಂಪನಿ ದಿವಾಳಿಯ ಅಂಚಿಗೆ ಬಂದು ನಿಂತಿತು. ಆಗ ಅದರ ಗೋದಾಮುಗಳಲ್ಲಿ ಚೀನಾದಿಂದ ತಂದ ಸುಮಾರು 1.7 ಕೋಟಿ ಪೌಂಡ್ ತೂಕದ ಚಹಾ ಮಾರಾಟವಾಗದೆ ಬಿದ್ದಿತ್ತು.

ಕಂಪನಿಯನ್ನು ಉಳಿಸಲು 1773ರಲ್ಲಿ ಸಂಸತ್ತು ಸಾಲ ಕೊಟ್ಟಿತು. ಜೊತೆಗೆ ಚಹಾವನ್ನು ನೇರವಾಗಿ ಅಮೆರಿಕಕ್ಕೆ ಸಾಗಿಸಿ ತಾನೇ ಆಯ್ದ ವರ್ತಕರ ಮೂಲಕ ಮಾರಲು ಅನುಮತಿಯಿತ್ತಿತು. ಇಂಗ್ಲೆಂಡಿನಲ್ಲಿ ತೆರಬೇಕಿದ್ದ ಸುಂಕದಿಂದ ವಿನಾಯಿತಿ ದೊರೆತದ್ದರಿಂದ ಚಹಾದ ಬೆಲೆ ಇಳಿಯಿತು. ಆದರೆ ಅಮೆರಿಕದ ಬಂದರಿನಲ್ಲಿ ವಸೂಲಾಗುವ 3 ಪೆನ್ಸ್ ಹಾಗೆಯೇ ಉಳಿಯಿತು. ಅಗ್ಗವೆಂದು ಆ ಚಹಾ ಕೊಂಡರೆ ಸಂಸತ್ತಿನ ಹಕ್ಕನ್ನು ಒಪ್ಪಿದಂತೆ ಎಂದು ಜನನಾಯಕರು ಎಚ್ಚರಿಸಿದರು. ಇಂದು ಚಹಾಕ್ಕಾಗಿ ಬಂದ ಏಕಸ್ವಾಮ್ಯ ನಾಳೆ ಇತರ ಸರಕುಗಳಿಗೂ ಬರಬಹುದೆಂದು ಸ್ಥಳೀಯ ವರ್ತಕರು ಹೆದರಿದರು.

ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾಕ್ಕೆ ಹೊರಟ ಹಡಗುಗಳು ಸರಕು ಇಳಿಸದೆಯೇ ಹಿಂದಿರುಗಿದವು. ಬಾಸ್ಟನ್‌ನ ಗವರ್ನರ್ ಮಾತ್ರ ಪಟ್ಟು ಸಡಿಲಿಸಲಿಲ್ಲ. 1773ರ ಡಿಸೆಂಬರ್ 16ರ ರಾತ್ರಿ ವೇಷ ಮರೆಸಿಕೊಂಡ ಜನರು ಮೂರು ಹಡಗುಗಳನ್ನೇರಿ 342 ಪೆಟ್ಟಿಗೆ ಚಹಾವನ್ನು ನೀರಿಗೆ ಸುರಿದರು.

ಬಂದೂಕಿಗೆ ಮುನ್ನವೇ ಕೈ ಬದಲಾದ ಆಡಳಿತ

ಲಂಡನ್ನಿನ ಉತ್ತರ ಕಠೋರವಾಗಿತ್ತು. 1774ರ ಜೂನ್ 1ರಿಂದ ಬಾಸ್ಟನ್ ಬಂದರನ್ನು ಮುಚ್ಚಲಾಯಿತು. ಮ್ಯಾಸಚೂಸೆಟ್ಸ್‌ನ ಸನ್ನದನ್ನು ತಿದ್ದಿ, ಚುನಾಯಿತವಾಗುತ್ತಿದ್ದ ಮೇಲ್ಮನೆಯನ್ನು ದೊರೆಯ ನೇಮಕಕ್ಕೆ ಒಳಪಡಿಸಲಾಯಿತು. ಗವರ್ನರ್‌ನ ಅನುಮತಿಯಿಲ್ಲದೆ ಊರಿನ ಸಭೆಗಳನ್ನು ವರ್ಷಕ್ಕೊಮ್ಮೆಗಿಂತ ಹೆಚ್ಚು ನಡೆಸುವಂತಿರಲಿಲ್ಲ. ಒಂದು ಊರನ್ನು ಶಿಕ್ಷಿಸಿದರೆ ಉಳಿದವು ಬೆದರುತ್ತವೆ ಎಂಬುದು ಮಂತ್ರಿಗಳ ಲೆಕ್ಕಾಚಾರ. ಇಂದು ಬಾಸ್ಟನ್‌ಗೆ ಆದದ್ದು ನಾಳೆ ನಮಗೂ ಆದೀತು ಎಂಬುದು ಉಳಿದ ಊರುಗಳ ಲೆಕ್ಕಾಚಾರವಾಯಿತು.

1774ರ ಸೆಪ್ಟೆಂಬರ್ 5ರಂದು ಜಾರ್ಜಿಯಾ ಹೊರತು ಉಳಿದ ಹನ್ನೆರಡು ವಸಾಹತುಗಳ ಪ್ರತಿನಿಧಿಗಳು ಫಿಲಡೆಲ್ಫಿಯಾದಲ್ಲಿ ಮೊದಲ ಕಾಂಗ್ರೆಸ್ ನಡೆಸಿದರು. ಅಲ್ಲಿ ಯಾರೂ ಸ್ವಾತಂತ್ರ್ಯ ಘೋಷಿಸಲಿಲ್ಲ. ಡಿಸೆಂಬರ್ 1ರಿಂದ ಬ್ರಿಟಿಷ್ ಸರಕುಗಳ ಆಮದು ನಿಲ್ಲಿಸಬೇಕು, ಅದನ್ನು ನೋಡಿಕೊಳ್ಳಲು ಪ್ರತಿ ಜಿಲ್ಲೆ, ನಗರ, ಊರಿನಲ್ಲೂ ಚುನಾಯಿತ ಸಮಿತಿ ಇರಬೇಕು ಎಂದು ನಿರ್ಣಯಿಸಿದರು.

ಈ ಸಮಿತಿಗಳು ವರ್ತಕರ ಲೆಕ್ಕಪತ್ರ ತಪಾಸಣೆ ಮಾಡಿದವು, ನಿಯಮ ಮುರಿದವರ ಹೆಸರನ್ನು ಪತ್ರಿಕೆಗಳಲ್ಲಿ ಪ್ರಕಟಿಸಿದವು. ಗವರ್ನರ್‌ಗಳ ಆದೇಶ ಕಾಗದದಲ್ಲೇ ಉಳಿಯುತ್ತಿದ್ದಾಗ ಸಮಿತಿಗಳ ಮಾತು ನಡೆಯುತ್ತಿತ್ತು. ವಸಾಹತೊಂದು ಸಾಮ್ರಾಜ್ಯದಿಂದ ಕಳಚಿಕೊಳ್ಳುವ ಬಗೆ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಬಾವುಟ ಬದಲಾಗುವ ಮುನ್ನ ಜನರ ವಿಧೇಯತೆ ಬದಲಾಗುತ್ತದೆ. 1775ರ ಏಪ್ರಿಲ್ 19ರಂದು ಕಾಂಕರ್ಡ್‌ನಲ್ಲಿದ್ದ ಮದ್ದುಗುಂಡುಗಳ ವಶಕ್ಕೆ ಹೊರಟ ಬ್ರಿಟಿಷ್ ಸೈನಿಕರಿಗೂ ಸ್ಥಳೀಯ ಪಡೆಗಳಿಗೂ ಲೆಕ್ಸಿಂಗ್ಟನ್‌ನಲ್ಲಿ ಮೊದಲ ಗುಂಡಿನ ಚಕಮಕಿ ನಡೆಯಿತು. ಅಷ್ಟರಲ್ಲಾಗಲೇ ಆಡಳಿತ ಬಹುಮಟ್ಟಿಗೆ ಕೈ ಬದಲಾಯಿಸಿತ್ತು.

ದೊರೆಯ ಮೇಲಿನ ಭಕ್ತಿ ಅಳಿದದ್ದು

ಆ ನಂತರವೂ ಹಲವರು ರಾಜಿಯನ್ನೇ ಬಯಸಿದ್ದರು. ತಪ್ಪೆಲ್ಲ ಮಂತ್ರಿಗಳದು, ದೊರೆಗೆ ನಿಜಸ್ಥಿತಿ ತಿಳಿದರೆ ನ್ಯಾಯ ಸಿಕ್ಕೀತು ಎಂಬ ನಂಬಿಕೆ ಅವರದು. 1775ರ ಜುಲೈನಲ್ಲಿ ಕಾಂಗ್ರೆಸ್ ದೊರೆಗೆ ವಿನಮ್ರವಾದ ಮನವಿಯೊಂದನ್ನು ಕಳುಹಿಸಿತು. ಅದು ಸುಂಕದವನ ಮುಂದೆ ಸುಖ ದುಃಖ ಹೇಳಿಕೊಂಡಂತಾಯಿತು. ಮನವಿಯನ್ನು ಸ್ವೀಕರಿಸದ ದೊರೆ ಆಗಸ್ಟ್ 23ರಂದು ವಸಾಹತುಗಳು ದಂಗೆಯೆದ್ದಿವೆ ಎಂದು ಘೋಷಿಸಿದರು. ಸ್ವಂತ ಪ್ರಜೆಗಳ ಮೇಲೆ ಹೋರಾಡಲು ಜರ್ಮನ್ ಸಂಸ್ಥಾನಗಳಿಂದ ಬಾಡಿಗೆ ಸೈನಿಕರನ್ನು ಗೊತ್ತುಮಾಡಲಾಯಿತು.

ಇಂಗ್ಲೆಂಡಿನಿಂದ 1774ರ ಕೊನೆಯಲ್ಲಷ್ಟೇ ಬಂದಿದ್ದ ಥಾಮಸ್ ಪೇನ್ 1776ರ ಜನವರಿಯಲ್ಲಿ ‘ಕಾಮನ್ ಸೆನ್ಸ್’ ಎಂಬ ಕಿರುಹೊತ್ತಗೆ ಪ್ರಕಟಿಸಿದರು. ಮಂತ್ರಿಗಳನ್ನಲ್ಲ, ರಾಜತ್ವವನ್ನೇ ಅದು ಪ್ರಶ್ನಿಸಿತು. ದ್ವೀಪವೊಂದು ಖಂಡವನ್ನು ಆಳುವುದು ಅಸಂಗತವೆಂದು ಸಾಮಾನ್ಯರಿಗೂ ತಿಳಿಯುವ ಭಾಷೆಯಲ್ಲಿ ವಾದಿಸಿತು. ಊರೂರುಗಳಲ್ಲಿ ಅದನ್ನು ಗಟ್ಟಿಯಾಗಿ ಓದಿ ಕೇಳಿಸಲಾಯಿತು. ಜುಲೈ 2ರಂದು ಕಾಂಗ್ರೆಸ್ ಸ್ವಾತಂತ್ರ್ಯದ ಪರ ಮತ ಹಾಕಿತು. ಥಾಮಸ್ ಜೆಫರ್‌ಸನ್ ಕರಡು ಸಿದ್ಧಪಡಿಸಿದ ಘೋಷಣೆಯನ್ನು ಜುಲೈ 4ರಂದು ಅಂಗೀಕರಿಸಿತು.

ತಡವಾಗಿ ಬಂದ ರಿಯಾಯಿತಿ

ಘೋಷಣೆಯಿಂದ ರಾಷ್ಟ್ರ ಹುಟ್ಟಲಿಲ್ಲ. 1777ರ ಅಕ್ಟೋಬರ್‌ನಲ್ಲಿ ಸಾರಟೋಗಾದಲ್ಲಿ ಬ್ರಿಟಿಷ್ ಸೇನೆಯೊಂದು ಶರಣಾದ ಮೇಲೆ, 1778ರ ಫೆಬ್ರುವರಿ 6ರಂದು ಫ್ರಾನ್ಸ್ ಅಮೆರಿಕದೊಂದಿಗೆ ಮೈತ್ರಿ ಒಪ್ಪಂದ ಮಾಡಿಕೊಂಡಿತು. ಆಗ ಎಚ್ಚೆತ್ತ ಸಂಸತ್ತು ಆದಾಯಕ್ಕಾಗಿ ವಸಾಹತುಗಳ ಮೇಲೆ ತೆರಿಗೆ ಹಾಕುವುದಿಲ್ಲವೆಂದು ಕಾಯ್ದೆಯನ್ನೇ ಮಾಡಿ, ಸಂಧಾನಕ್ಕೆ ನಿಯೋಗವೊಂದನ್ನು ಕಳುಹಿಸಿತು. 1765ರಲ್ಲಿ ಈ ಮಾತು ಬಂದಿದ್ದರೆ ಬಾಸ್ಟನ್‌ನಲ್ಲಿ ದೀಪಾಲಂಕಾರ ಮಾಡುತ್ತಿದ್ದರು. 1778ರಲ್ಲಿ ಅದು ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಿತ್ತು. ಸ್ವಾತಂತ್ರ್ಯವನ್ನು ಒಪ್ಪಿ, ಇಲ್ಲವೇ ಸೇನೆ ಹಿಂತೆಗೆದುಕೊಳ್ಳಿ ಎಂದು ಕಾಂಗ್ರೆಸ್ ಉತ್ತರಿಸಿತು.

ಮೈಸೂರಿಗೂ ಬಂದ ಯುದ್ಧ

ಫ್ರಾನ್ಸ್ ಕಣಕ್ಕಿಳಿದೊಡನೆ ಯುದ್ಧ ಭಾರತಕ್ಕೂ ಹಬ್ಬಿತು. 1779ರಲ್ಲಿ ಕಂಪನಿಯ ಪಡೆ ಮಲಬಾರ್ ಕರಾವಳಿಯ ಫ್ರೆಂಚ್ ನೆಲೆಯಾದ ಮಾಹೆಯನ್ನು ವಶಪಡಿಸಿಕೊಂಡಿತು. ಆ ಬಂದರಿನ ಮೂಲಕವೇ ಮೈಸೂರಿಗೆ ಯುದ್ಧಸಾಮಗ್ರಿ ಬರುತ್ತಿತ್ತು. 1769ರ ಒಪ್ಪಂದದಂತೆ ಕಂಪನಿ ನೆರವಿಗೆ ಬರಲಿಲ್ಲವೆಂದು ಮೊದಲೇ ಕುದಿಯುತ್ತಿದ್ದ ಹೈದರ್, 1780ರಲ್ಲಿ ಯುದ್ಧ ಸಾರಿದರು. ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಮೈಸೂರು ಸೇನೆ ಕರ್ನಲ್ ಬೇಲಿಯ ಪಡೆಯನ್ನು ನುಚ್ಚುನೂರು ಮಾಡಿತು. ಆ ಕದನದ ಚಿತ್ರ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲಿದೆ. ಶತ್ರುವಿನ ಶತ್ರುವಿನ ಹೆಸರು ಅಮೆರಿಕಕ್ಕೂ ತಲುಪಿತ್ತು. ಪೆನ್ಸಿಲ್ವೇನಿಯಾದ ಯುದ್ಧನೌಕೆಯೊಂದಕ್ಕೆ ‘ಹೈದರ್ ಅಲಿ’ ಎಂದೇ ಹೆಸರಿಡಲಾಗಿತ್ತು. 1782ರ ಏಪ್ರಿಲ್‌ನಲ್ಲಿ ಅದು ‘ಜನರಲ್ ಮಾಂಕ್’ ಎಂಬ ಬ್ರಿಟಿಷ್ ನೌಕೆಯನ್ನು ಸೆರೆಹಿಡಿಯಿತು.

ಅಷ್ಟರಲ್ಲಿ ನಿರ್ಣಾಯಕ ಘಟನೆ ನಡೆದುಹೋಗಿತ್ತು. 1781ರ ಅಕ್ಟೋಬರ್ 19ರಂದು ವರ್ಜೀನಿಯಾದ ಯಾರ್ಕ್‌ಟೌನ್‌ನಲ್ಲಿ ಲಾರ್ಡ್ ಕಾರ್ನ್‌ವಾಲಿಸ್‌ನ 7 ಸಾವಿರಕ್ಕೂ ಹೆಚ್ಚು ಸೈನಿಕರು ಶಸ್ತ್ರ ಕೆಳಗಿಟ್ಟರು. ನೆಲದಲ್ಲಿ ಜಾರ್ಜ್ ವಾಷಿಂಗ್ಟನ್ ಮತ್ತು ರೋಷಾಂಬೋ ನೇತೃತ್ವದ ಅಮೆರಿಕನ್-ಫ್ರೆಂಚ್ ಸೇನೆಗಳು ಮುತ್ತಿದ್ದರೆ, ಕಡಲಿನಲ್ಲಿ ಫ್ರೆಂಚ್ ನೌಕಾಪಡೆ ದಾರಿ ಕಟ್ಟಿತ್ತು. 1783ರ ಸೆಪ್ಟೆಂಬರ್ 3ರ ಪ್ಯಾರಿಸ್ ಒಪ್ಪಂದದಲ್ಲಿ ಬ್ರಿಟನ್ ಅಮೆರಿಕದ ಸ್ವಾತಂತ್ರ್ಯವನ್ನು ಅಂಗೀಕರಿಸಿತು.

ಅಲ್ಲಿ ಸೋತ ಕಾರ್ನ್‌ವಾಲಿಸ್ 1786ರಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದರು. 1791ರ ಮಾರ್ಚ್ 21ರಂದು ಬೆಂಗಳೂರು ಕೋಟೆ ಅವರ ವಶವಾಯಿತು. 1792ರ ಶ್ರೀರಂಗಪಟ್ಟಣ ಒಪ್ಪಂದದಂತೆ ಟಿಪ್ಪು ಸುಲ್ತಾನ್ ಅರ್ಧ ರಾಜ್ಯವನ್ನು, 3 ಕೋಟಿ 30 ಲಕ್ಷ ರೂಪಾಯಿಗಳನ್ನು ಕೊಡಬೇಕಾಯಿತು. ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಿಡಬೇಕಾಯಿತು. ಪಶ್ಚಿಮದಲ್ಲಿ ಸಡಿಲವಾದ ಸಾಮ್ರಾಜ್ಯದ ಹಿಡಿತ ಪೂರ್ವದಲ್ಲಿ ಬಿಗಿಯಾಯಿತು.

ಬಿಡುಗಡೆ ಯಾರಿಗೆ?

ಅಮೆರಿಕದ ಬಿಡುಗಡೆಯೂ ಎಲ್ಲರ ಪಾಲಿಗೆ ಬರಲಿಲ್ಲ. ಅಂದಿನ ಸುಮಾರು 25 ಲಕ್ಷ ಜನಸಂಖ್ಯೆಯಲ್ಲಿ ಹತ್ತಿರ ಹತ್ತಿರ ಐದರಲ್ಲೊಬ್ಬರು ಗುಲಾಮರಾಗಿದ್ದರು. ಎಲ್ಲರೂ ಸಮಾನರು ಎಂದು ಬರೆದ ಜೆಫರ್‌ಸನ್ ಸ್ವತಃ ಗುಲಾಮರ ಒಡೆಯರಾಗಿದ್ದರು. ಗುಲಾಮರ ವ್ಯಾಪಾರವನ್ನು ಖಂಡಿಸಿ ಅವರು ಬರೆದ ಭಾಗವನ್ನು ಕಾಂಗ್ರೆಸ್ ತೆಗೆದುಹಾಕಿತು. ಬಂಡಾಯಗಾರ ಒಡೆಯರನ್ನು ತೊರೆದು ತನ್ನ ಸೇನೆ ಸೇರುವ ಗುಲಾಮರಿಗೆ ಬಿಡುಗಡೆ ನೀಡುವುದಾಗಿ ವರ್ಜೀನಿಯಾದ ಗವರ್ನರ್ ಲಾರ್ಡ್ ಡನ್‌ಮೋರ್ 1775ರಲ್ಲಿ ಸಾರಿದ್ದರಿಂದ, ಸಾವಿರಾರು ಮಂದಿಗೆ ಸ್ವಾತಂತ್ರ್ಯದ ದಾರಿ ದೊರೆಯ ಪಾಳೆಯದ ಕಡೆಗೇ ಕಂಡಿತು. ದೇಶದಾದ್ಯಂತ ಗುಲಾಮಗಿರಿ ರದ್ದಾದದ್ದು 1865ರಲ್ಲಿ. ಮಿಸಿಸಿಪಿ ನದಿಯವರೆಗಿನ ನೆಲವನ್ನು ಹೊಸ ರಾಷ್ಟ್ರಕ್ಕೆ ಬಿಟ್ಟುಕೊಟ್ಟ ಒಪ್ಪಂದದಲ್ಲಿ ಆ ನೆಲದ ಮೂಲನಿವಾಸಿಗಳ ಹೆಸರೇ ಇರಲಿಲ್ಲ. ದೊರೆಗೆ ನಿಷ್ಠರಾಗಿದ್ದ ಸುಮಾರು 60 ಸಾವಿರ ಜನರು ಮನೆಮಠ ತೊರೆದು ಹೋದರು.

ಸಾಮ್ರಾಜ್ಯ ಕಲಿತದ್ದು, ಕಲಿಯದ್ದು

ಈ ಸೋಲಿನಿಂದ ಬ್ರಿಟನ್ ಪಾಠ ಕಲಿಯಿತೇ? ಕೆನಡಾದ ಮಟ್ಟಿಗೆ ಹೌದೆನ್ನಬಹುದು. 1837-38ರ ದಂಗೆಗಳ ನಂತರ ಲಾರ್ಡ್ ಡರ್‌ಹ್ಯಾಂ ವರದಿ ಜವಾಬ್ದಾರಿ ಸರ್ಕಾರದ ಸಲಹೆ ನೀಡಿತು. 1867ರಲ್ಲಿ ಕೆನಡಾ ಸ್ವಯಮಾಡಳಿತದ ಡೊಮಿನಿಯನ್ ಆಯಿತು. ಯುದ್ಧವಿಲ್ಲದೆ ಹಂತಹಂತವಾಗಿ ಸ್ವತಂತ್ರವಾಯಿತು.

ಭಾರತಕ್ಕೆ ಆ ಔದಾರ್ಯ ವಿಸ್ತರಿಸಲಿಲ್ಲ. ಮೊದಲ ಮಹಾಯುದ್ಧಕ್ಕೆ 10 ಲಕ್ಷಕ್ಕೂ ಹೆಚ್ಚು ಭಾರತೀಯ ಯೋಧರನ್ನು ಕಡಲಾಚೆಗೆ ಕಳುಹಿಸಿದ ದೇಶಕ್ಕೆ, ಗೆಲುವಿನ ಬೆನ್ನಲ್ಲೇ 1919ರಲ್ಲಿ ಸಿಕ್ಕಿದ್ದು ರೌಲತ್ ಕಾಯ್ದೆ ಮತ್ತು ಜಲಿಯನ್‌ವಾಲಾ ಬಾಗ್. 1928ರಲ್ಲಿ ನೆಹರೂ ವರದಿ ಕೇಳಿದ್ದು ಡೊಮಿನಿಯನ್ ಸ್ಥಾನಮಾನವನ್ನಷ್ಟೆ. ಅದಕ್ಕೆ ಕೊಟ್ಟ ಒಂದು ವರ್ಷದ ಗಡುವು ಮುಗಿದಾಗ, 1929ರ ಡಿಸೆಂಬರ್‌ನಲ್ಲಿ ಲಾಹೋರ್ ಕಾಂಗ್ರೆಸ್ ಪೂರ್ಣ ಸ್ವರಾಜ್ಯದ ನಿರ್ಣಯ ಕೈಗೊಂಡಿತು.

ಎರಡೂ ಕಡೆ ನಡೆದದ್ದು ಒಂದೇ ಬಗೆಯ ತಪ್ಪು. ಜನರು ಮೊದಲು ಕೇಳಿದ್ದು ಸಾಮ್ರಾಜ್ಯದೊಳಗೇ ಒಂದು ಗೌರವದ ಸ್ಥಾನವನ್ನು. ಅದನ್ನು ಕೊಡಲು ಮನಸ್ಸು ಮಾಡುವಷ್ಟರಲ್ಲಿ ಕೇಳುವವರ ಬೇಡಿಕೆ ಮುಂದಿನ ಮೆಟ್ಟಿಲೇರಿರುತ್ತಿತ್ತು. 3 ಪೆನ್ಸ್ ಸುಂಕವನ್ನು ಬಿಡಲೊಪ್ಪದ ಸಂಸತ್ತು ಅದಕ್ಕಾಗಿ ಹದಿಮೂರು ವಸಾಹತುಗಳನ್ನು ಕಳೆದುಕೊಂಡಿತು.